ಚಿವುಟಿದರೆ ಏಳದ ಚರ್ಮ

ಆ ಕ್ಷೌರದಂಗಡಿಗೆ ಬಂದವರೆಲ್ಲ ಕುರ್ಚಿಯಲ್ಲಿ ಕೂರುವ ಮೊದಲು ಕ್ಷೌರಿಕನ ಕೈ ಚಿವುಟುತ್ತಿದ್ದರು. ಕೀಟಲೆಗಲ್ಲ. ಅವನ ಬೆರಳುಗಳ ಚರ್ಮ ಬಿಗಿದು ಹಲಗೆಯಾಗಿತ್ತು. ಹೆಬ್ಬೆರಳು ಕತ್ತರಿಯ ಹಿಡಿಯೊಳಗೆ ತೂರುತ್ತಲೇ ಇರಲಿಲ್ಲ. ಚಿವುಟಿದಾಗ ಚರ್ಮ ಮೇಲೆದ್ದರೆ ಕಾಯಿಲೆಯ ಹಿಡಿತ ಸಡಿಲಾಗಿದೆ ಎಂದು ಡಾಕ್ಟರಮ್ಮ ಹೇಳಿದ್ದೇ ತಡ, ಇಡೀ ಬೀದಿಯೇ ಡಾಕ್ಟರಾಗಿಬಿಟ್ಟಿತ್ತು.

"ಮೈ ಕಾಯೋ ಪಡೆನೇ ಮೈಮೇಲೆ ತಿರುಗಿಬಿದ್ದಿದೆ," ಎಂದು ಆಕೆ ಬಿಡಿಸಿ ಹೇಳಿದ್ದರು. "ಚರ್ಮದ ಮೇಲ್ಪದರದ ಜೀವಕೋಶಗಳೂ ಅದರ ಜೊತೆ ಸೇರ್ಕೊಂಡಿವೆ. ಗಾಯ ಇಲ್ದಿದ್ರೂ ಗಾಯ ಆಯ್ತು ಅಂತ ಕೂಗ್ತವೆ. ಕೆಳಗಿನ ಜೀವಕೋಶಗಳು ಅದನ್ನ ನಂಬಿ ನಾರು ನೇಯ್ತಾನೇ ಇರ್ತವೆ."

"ಏನೂ ಆಗದೆ ಬೀದಿಗೆಲ್ಲ ಕೇಳೋ ಹಾಗೆ ಕೂಗೋದಾ? ಥೇಟ್ ನಮ್ಮನೆಯವಳು," ಎಂದಿದ್ದ ಕ್ಷೌರಿಕ.

"ನನ್ನ ಕೂಗು ಕೇಳಿ ನೀವು ಒಂದು ಕಡ್ಡಿನಾದ್ರೂ ಎತ್ತಿಟ್ಟಿದ್ರೆ ನಾನ್ಯಾಕೆ ಕೂಗ್ತಿದ್ದೆ?" ಎಂದಿದ್ದಳು ಪಕ್ಕದಲ್ಲಿದ್ದ ಹೆಂಡತಿ.

ಅವನು ಮಾತ್ರೆ ನುಂಗುತ್ತ ಅಂಗಡಿಯ ಮೂಲೆ ಹಿಡಿದ. ಕತ್ತರಿ ಹೆಂಡತಿಯ ಕೈಗೆ ಹೋಯಿತು. ಅವಳ ಕೈಚಳಕಕ್ಕೆ ಗಿರಾಕಿಗಳು ಸಾಲುಗಟ್ಟಿದರು. ಅವನಿಗೆ ಹೆಮ್ಮೆಯೂ ಆಯಿತು, ಹೊಟ್ಟೆಯೂ ಉರಿಯಿತು. ಕತ್ತರಿ ಹಿಡಿಯದ ಬಾಳೂ ಒಂದು ಬಾಳೇ? ಎಂದು ಕನ್ನಡಿಯ ಮುಂದೆ ಗೊಣಗುತ್ತಿದ್ದ.

ಒಂದು ಬೆಳಿಗ್ಗೆ ಪಕ್ಕದಂಗಡಿಯ ಬೀಗ ರಿಪೇರಿಯವನು ಬಂದು ಎಂದಿನಂತೆ ಚಿವುಟಿದ. ಚರ್ಮ ಸಣ್ಣಗೆ ಮಡಿಕೆಯಾಗಿ ಮೇಲೆದ್ದಿತು.

"ಅತ್ತಿಗೆ, ಇಲ್ನೋಡಿ. ಎದ್ದಿದೆ."

ಅವಳು ಸೋಪಿನ ಕೈಯಲ್ಲೇ ಓಡಿಬಂದು ಬಲವಾಗಿ ಚಿವುಟಿದಳು.

"ಕೈನೇ ಕಿತ್ಹಾಕ್ತೀಯೇನೇ," ಎಂದ ಅವನಿಗೆ ನಗು ತಡೆಯಲಾಗಲಿಲ್ಲ.

ಕತ್ತರಿ ಎತ್ತಿಕೊಂಡ. ಹೆಬ್ಬೆರಳು ತಿರುಗಿ ತಿರುಗಿ, ಮೆಲ್ಲಗೆ ಹಿಡಿಯೊಳಗೆ ಇಳಿಯಿತು.

"ಬನ್ನಿ, ಮೊದಲು ಯಾರು?"

ಒಬ್ಬ ಪೇಪರಿನಲ್ಲಿ ಮುಖ ಮುಚ್ಚಿಕೊಂಡ. ಇನ್ನೊಬ್ಬನಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಯಿತು. ಬೀಗ ರಿಪೇರಿಯವನು ತಲೆ ಸವರಿಕೊಳ್ಳುತ್ತ ಬಾಗಿಲಿಗೆ ಸರಿದ. ಕ್ಷೌರಿಕನ ಮುಖ ಬಾಡಿತು.

ಹೆಂಡತಿ ಅರ್ಧ ಸೋಪು ಮೆತ್ತಿದ್ದ ಗಿರಾಕಿಯನ್ನು ಕುರ್ಚಿಯಿಂದ ಎಬ್ಬಿಸಿ, ತಾನೇ ಕೂತು, ಕೊರಳಿಗೆ ಬಟ್ಟೆ ಕಟ್ಟಿಕೊಂಡಳು.

"ಹೂಂ, ಶುರು ಮಾಡಿ."

"ಕೈ ಇನ್ನೂ ಪಳಗಿಲ್ಲ ಕಣೇ."

"ನನ್ನ ಬಾಯಿಗೇ ಹೆದರದೆ ಇಷ್ಟು ವರ್ಷ ಬಾಳಿದ್ದೀರಿ. ಕೂದಲಿಗೆ ಹೆದರ್ತೀರಾ?"

ಕತ್ತರಿ ಕಚಕ್ ಎಂದಿತು. ತುಸು ತಡೆದು, ಮತ್ತೆ ಕಚಕ್. ಎಡಗಡೆಯ ಕೂದಲು ಕಿವಿಯನ್ನೂ ದಾಟಿ ಮೇಲೇರಿತು. ಪೇಪರಿನವನು ಹಾಳೆಯ ಅಂಚಿನಿಂದ ಇಣುಕಿದ.

ಅವಳು ಕನ್ನಡಿಯಲ್ಲಿ ಕತ್ತು ಹೊರಳಿಸಿ ನೋಡಿಕೊಂಡಳು.

"ಚೆನ್ನಾಗಿದೆ. ಈ ಕಡೆನೂ ಹಾಗೇ ಮಾಡಿ."