ಪಕ್ಕಕ್ಕೆ ಸರಿಸಿದ ಪಲ್ಯ

ಒಂದು ಸಂಜೆ ಗಣಿಯಿಂದ ಬಂದ ರೇವಣಪ್ಪ ಅಂಗಳದಲ್ಲಿ ಮಲಗಿದ್ದ ಮಗಳ ಕೈ ತುಳಿದ. ಕೂಸು ಚೀರಿತು. ಹೆಂಡತಿ ಹಣಮವ್ವ ಒಳಗಿಂದ ಓಡಿಬಂದು, “ಕಣ್ಣ ಎಲ್ಲಿಟ್ಟಿದ್ರಿ?” ಎಂದಳು. ಅವನು ಬಾಗಿಲ ಚೌಕಟ್ಟನ್ನು ತಡಕುತ್ತಿದ್ದ. ಆಕಾಶದಲ್ಲಿ ಇನ್ನೂ ಬೆಳಕಿತ್ತು.

“ಯಾವಾಗಿಂದ ಹಿಂಗ?”

“ದೀಪಾವಳಿ ಮುಂದಿಂದ. ಬಾಯಿ ಮುಚ್ಕೊಂಡಿರು. ಮುಕಾದಮನ ಕಿವಿಗೆ ಬಿತ್ತಂದ್ರ ನಾಳಿಂದ ಗಣಿಗೆ ಬರಬ್ಯಾಡ ಅಂತಾನ.”

ಅರವತ್ತರ ದಶಕದ ಕೊನೆಯ ಆ ದಿನಗಳಲ್ಲಿ ಶಹಾಬಾದಿನ ಫರಸಿ ಕಲ್ಲಿನ ಗಣಿಗಳ ಪಕ್ಕದ ಕೇರಿಗೆ ಅಖ್ತರ ಬೇಗಂ ಎಂಬ ಗ್ರಾಮಸೇವಿಕೆ ಬರುತ್ತಿದ್ದಳು. ಬೇವಿನ ಮರದಡಿ ಒಲೆ ಹೂಡಿ, ನುಗ್ಗೆ ಸೊಪ್ಪನ್ನು ಬೇಳೆಯೊಡನೆ ಬೇಯಿಸಿ ಹೆಂಗಸರಿಗೆ ತೋರಿಸುತ್ತಿದ್ದಳು.

“ಬರೇ ರೊಟ್ಟಿ-ಖಾರ ತಿಂದ್ರ ಹೊಟ್ಟಿ ತುಂಬ್ತದ, ಕಣ್ಣಿಗೆ ಏನೂ ಸಿಗಾಂಗಿಲ್ಲ. ಈ ತಪ್ಪಲ ತಿನ್ರಿ, ಪಪ್ಪಾಯಿ ಸಿಕ್ರ ಬಿಡಬ್ಯಾಡ್ರಿ. ಮಕ್ಕಳಿಗಷ್ಟೇ ಅಲ್ಲ, ದುಡಿಯೋ ಗಂಡಸರಿಗೂ ಹಾಕ್ರಿ.”

ಅದನ್ನು ಕೇಳಿ ಬಂದ ದಿನವೇ ಹಣಮವ್ವ ನುಗ್ಗೆ ಸೊಪ್ಪಿನ ಪಲ್ಯ ಮಾಡಿದಳು. ರೇವಣಪ್ಪ ಅದನ್ನು ಬೆರಳಿಂದ ಪಕ್ಕಕ್ಕೆ ಸರಿಸಿದ. “ಕಲ್ಲ ಒಡ್ಯಾವ ನಾನು. ಆಡಿನಂಗ ತಪ್ಪಲ ಮೇಯ್ಲೇನು?” ಮರುದಿನ ಅವಳು ಸೊಪ್ಪನ್ನು ಅರೆದು ರೊಟ್ಟಿಯ ಹಿಟ್ಟಿನಲ್ಲಿ ಕಲಸಿದಳು. ಹಸಿರು ಕಂಡದ್ದೇ ತಾಟು ದೂಡಿ, ಉಪವಾಸವೇ ಕೆಲಸಕ್ಕೆ ಹೋದ. ಆ ಸೊಪ್ಪು ತಿಂದರೆ ರೋಗ ಒಪ್ಪಿಕೊಂಡಂತೆ ಎಂದು ಅವನ ಹಟ.

ಅವಳು ಅಖ್ತರ ಬೇಗಂಳ ಮುಂದೆ ಅತ್ತಳು. “ಹೆಸರ ತಗೀಬ್ಯಾಡ್ರಿ ಅಕ್ಕೋರ, ನಿಮ್ಮ ಕಾಲಿಗೆ ಬೀಳ್ತೀನಿ.”

ಅಖ್ತರ ಬೇಗಂ ಯಾರ ಹೆಸರನ್ನೂ ತೆಗೆಯಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಗಣಿಗೇ ಹೋಗಿ, ಹೊತ್ತಿಳಿದರೆ ಕಣ್ಣು ಕಾಣದ ಇರುಳುಗಣ್ಣಿನ ವಿಷಯವನ್ನೂ ಅದಕ್ಕೆ ತಿನ್ನಬೇಕಾದ ಸೊಪ್ಪಿನ ವಿಷಯವನ್ನೂ ಎಲ್ಲ ಗಂಡಸರಿಗೆ ಹೇಳಿದಳು. “ಇಲ್ಲಿ ಯಾರಿಗಾದ್ರೂ ಹಂಗ ಅದ ಏನ್ರಿ?” ಎಂದು ಕೇಳಿದಾಗ ಕೂಲಿಯವರ ಮೇಲ್ವಿಚಾರಕ ಮುಕಾದಮನೂ ತಲೆಯೆತ್ತಿ ನೋಡಿದ. ಗಂಡಸರು ನಕ್ಕರು. ಎಲ್ಲರಿಗಿಂತ ಜೋರಾಗಿ ರೇವಣಪ್ಪ ನಕ್ಕನಂತೆ.

ಅದೇ ವಾರ ಲಾರಿ ತಡವಾಗಿ ಬಂತು. ಕಲ್ಲು ಹೇರುವಷ್ಟರಲ್ಲಿ ಹೊತ್ತು ಮುಳುಗಿತು. ಉಳಿದವರು ಅಂಚಿನ ದಾರಿ ಹಿಡಿದು ಮೇಲೆ ಬಂದರು. ರೇವಣಪ್ಪ ದಾರಿಯೆಂದು ಕಾಲಿಟ್ಟಲ್ಲಿ ದಾರಿ ಇರಲಿಲ್ಲ. ನಾಲ್ಕು ಮಂದಿ ಅವನನ್ನು ಕಂಬಳಿಯಲ್ಲಿ ಹೊತ್ತು ತಂದಾಗ ಮೈ ತಣ್ಣಗಾಗಿತ್ತು. ಕಾಲು ಜಾರಿತು ಎಂದರು ಎಲ್ಲರೂ. ಹಣಮವ್ವ ಅಲ್ಲ ಅನ್ನಲಿಲ್ಲ. ಸತ್ತವನು ಮುಚ್ಚಿಟ್ಟದ್ದನ್ನು ತಾನು ಬಿಚ್ಚುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

ದಿನಕರ್ಮ ಮುಗಿದ ಮೇಲೆ, ಗಂಡನ ಜೊತೆ ಕಲ್ಲು ಒಡೆಯುತ್ತಿದ್ದ ಬಾಬುಮಿಯಾ ಬಂದು ಹೊಸ್ತಿಲ ಹೊರಗೇ ನಿಂತ. ಸುತ್ತ ನೋಡಿ ದನಿ ತಗ್ಗಿಸಿದ.

“ತಂಗಿ, ಅಕ್ಕೋರು ಹೇಳಿದ್ದ ಆ ತಪ್ಪಲ ಯಾವ್ದು? ನನಗೂ ಸಂಜಿಕಿ ಕಾಣಾಂಗಿಲ್ಲ.”

ಹಣಮವ್ವನ ಎದೆ ಉರಿಯಿತು. ಅಂದು ಇವನೂ ನಕ್ಕಿದ್ದ. ಇವನೊಬ್ಬ ಬಾಯಿ ಬಿಟ್ಟಿದ್ದರೆ ರೇವಣಪ್ಪನೂ ಬಿಡುತ್ತಿದ್ದನೇನೋ. ಆದರೂ ಹಿತ್ತಲಿಗೆ ಹೋಗಿ ನುಗ್ಗೆಯ ಟೊಂಗೆ ಬಗ್ಗಿಸಿ ಎರಡು ಹಿಡಿ ಸೊಪ್ಪು ತರಿದು ತಂದಳು.

“ಬ್ಯಾಳ್ಯಾಗ ಹಾಕಿ ಕುದಿಸ್ರಿ, ಮ್ಯಾಲ ಎಣ್ಣಿ ಒಗ್ಗರಣಿ ಕೊಡ್ರಿ. ಆದ್ರ ಮುಚ್ಚಿಟ್ಟು ತಿನ್ಬ್ಯಾಡ್ರಿ ಅಣ್ಣ. ಗಣ್ಯಾಗ ಎಲ್ಲರ ಮುಂದ ಡಬ್ಬಿ ತಗದು ತಿನ್ರಿ.”

ಬಾಬುಮಿಯಾ ತಲೆಯಾಡಿಸಿದ. ಸೊಪ್ಪನ್ನು ಹೆಗಲ ಟವೆಲ್ಲಿನಲ್ಲಿ ಗಂಟು ಕಟ್ಟಿ, ಅಂಗಿಯೊಳಗೆ ತೂರಿಸಿಕೊಂಡು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಓಣಿಗೆ ಇಳಿದ.