ಓದದೆ ಬಿಟ್ಟ ಮೂರು ಸಾಲು

ಮೂವತ್ತೊಂದು ವರ್ಷ ಕಾದವಳಿಗೆ ಇನ್ನು ಐದು ನಿಮಿಷ ಯಾವ ಲೆಕ್ಕ. ವಕೀಲಮ್ಮ ತನ್ನ ಕುರ್ಚಿಯಲ್ಲಿ ನೆಟ್ಟಗೆ ಕೂತು, ಹೊರಗೆ ಬೆಂಚಿನ ಮೇಲಿದ್ದ ಹೆಡ್ ಮಾಸ್ಟರನ್ನು ಬಾಗಿಲ ಗಾಜಿನಿಂದ ಕಣ್ತುಂಬ ನೋಡಿದಳು. ತಲೆ ಬೆಳ್ಳಗಾಗಿತ್ತು, ಹೊಟ್ಟೆ ಮುಂದೆ ಬಂದಿತ್ತು, ಆದರೆ ಮೊಣಕಾಲ ಮೇಲೆ ಬೆರಳಿಂದ ತಟ್ಟುತ್ತ ಕೂರುವ ಚಟ ಹಾಗೇ ಇತ್ತು. ಆ ಬೆರಳುಗಳನ್ನು ಅವಳು ಎಲ್ಲಿ ಕಂಡರೂ ಗುರುತು ಹಿಡಿಯುತ್ತಿದ್ದಳು. ಅವಳ ಅಕ್ಕನ ಎಡಗೈಯನ್ನು ಬೆಂಚಿಗೆ ಕಟ್ಟಿದ ಬೆರಳುಗಳು ಅವು.

ಅಕ್ಕ ಎಡಚಿ. ಐದನೇ ಕ್ಲಾಸಿನಲ್ಲಿ ಆಗ ಹೊಸದಾಗಿ ಬಂದಿದ್ದ ಈ ಮಹಾನುಭಾವನಿಗೆ ಎಡಗೈಲಿ ಬರೆಯುವ ಮಗು ಅಂದರೆ ತನ್ನ ಪಾಠಕ್ಕೇ ಬಗೆದ ದ್ರೋಹ ಅನ್ನಿಸಿತ್ತೋ ಏನೋ. ದಿನಾ ಬೆಳಿಗ್ಗೆ ಅಕ್ಕನ ಜಡೆಯಿಂದಲೇ ರಿಬ್ಬನ್ ಬಿಚ್ಚಿ, ಅದರಲ್ಲೇ ಅವಳ ಎಡಗೈಯನ್ನು ಬೆಂಚಿನ ಕಾಲಿಗೆ ಬಿಗಿದು, 'ಈಗ ಬರಿ' ಅನ್ನುವುದು. ಒಂದು ದಿನ ಎರಡು ದಿನ ಅಲ್ಲ, ಇಡೀ ವರ್ಷ. ಎದುರು ಕೋಣೆಯ ಎರಡನೇ ಕ್ಲಾಸಿನ ಕಿಟಕಿಯಿಂದ ತಂಗಿ ಅದನ್ನು ನೋಡುತ್ತ ಮಗ್ಗಿ ಕಲಿತಳು. ಅಕ್ಕ ಏಳನೇ ಕ್ಲಾಸಿಗೆ ಶಾಲೆ ಬಿಟ್ಟಳು, ಇಸ್ತ್ರಿ ಅಂಗಡಿ ಹಾಕಿದಳು, ಆ ಅಂಗಡಿಯ ಬಿಸಿಯಲ್ಲೇ ತಂಗಿಯನ್ನು ಲಾ ಓದಿಸಿದಳು. ಪೆನ್ನು ಹಿಡಿದರೆ ಅಕ್ಕನ ಬಲಗೈ ಇವತ್ತಿಗೂ ನಡುಗುತ್ತದೆ. ಇಬ್ಬರೂ ಆತನಿಗೆ ಇಟ್ಟ ಹೆಸರು ರಿಬ್ಬನ್ ಮೇಷ್ಟ್ರು.

ಈಗ ರಿಬ್ಬನ್ ಮೇಷ್ಟ್ರು ಹೆಡ್ ಮಾಸ್ಟರು, ಆ ತಂಗಿ ವಕೀಲಮ್ಮ. ಊರಿನ ಇಪ್ಪತ್ತಾರು ಸರ್ಕಾರಿ ಶಾಲೆಗಳನ್ನು ನಡೆಸುವ ಮಂಡಳಿಗೆ ಅವಳೇ ವಕೀಲೆ. ಮಕ್ಕಳ ಫೋನ್ ಕಿತ್ತುಕೊಂಡು ಒಳಗಿರುವುದನ್ನೆಲ್ಲ ಓದಿದ ಮೇಷ್ಟ್ರು, ಮೇಷ್ಟ್ರ ಫೋಟೋಗೆ ಕತ್ತೆಕಿವಿ ಅಂಟಿಸಿ ಊರಿಗೆಲ್ಲ ಹಂಚಿದ ಮಕ್ಕಳು, ಮಗಳ ಅಂಕಪಟ್ಟಿ ಗಂಡನಿಗೆ ತೋರಿಸಬೇಡಿ ಅನ್ನುವ ತಾಯಿ, ತೋರಿಸದಿದ್ದರೆ ಕೋರ್ಟಿಗೆ ಹೋಗ್ತೀನಿ ಅನ್ನುವ ತಂದೆ, ಎಲ್ಲ ಕೊನೆಗೆ ಅವಳ ಟೇಬಲ್ಲಿಗೇ ಬರಬೇಕು. ಹನ್ನೊಂದು ವರ್ಷದಿಂದ ಇದೇ ಗೋಳು. ಇಷ್ಟು ವರ್ಷ ಇದೇ ಒಂದು ಫೈಲಿಗಾಗಿ ಕಾದಿದ್ದೆ ಅಂತ ಅವಳಿಗೆ ಗೊತ್ತಾದದ್ದು ಅದು ಕೈಗೆ ಬಂದ ದಿನವೇ.

ಫೈಲಿನ ಸಂಗತಿ ಇಷ್ಟು. ಒಂಬತ್ತು ವರ್ಷದ ಒಬ್ಬ ಹುಡುಗಿಗೆ ಕಿವಿ ಮಂದ. ಕಿವಿಗೆ ಹಾಕುವ ಯಂತ್ರ ಆಗಾಗ ಕುಂಯ್ ಅನ್ನುತ್ತಿತ್ತು. ಹೆಡ್ ಮಾಸ್ಟರು ಅದನ್ನು ಬೆಳಿಗ್ಗೆ ಕಿತ್ತು ತನ್ನ ಡ್ರಾಯರಿಗೆ ಹಾಕಿ, ಸಂಜೆ ಗಂಟೆ ಹೊಡೆದಾಗ ಕೊಡುತ್ತಿದ್ದ. ಹನ್ನೊಂದು ದಿನ ಆ ಮಗು ಏನೂ ಕೇಳಿಸದೆ ಕ್ಲಾಸಿನಲ್ಲಿ ಕೂತಿತ್ತು. ಮನೆಯಲ್ಲಿ ಹೇಳಿದರೆ ಯಂತ್ರ ವಾಪಸ್ ಸಿಗುವುದಿಲ್ಲ ಅಂತ ಹೆದರಿಸಿಯೂ ಇದ್ದ. ತಾಯಿ ಬಸ್ ಕಂಡಕ್ಟರು. ವಿಷಯ ತಿಳಿದ ದಿನ ಸಮವಸ್ತ್ರದಲ್ಲೇ ಮಂಡಳಿಗೆ ಬಂದು ದೂರು ಕೊಟ್ಟಳು. ಅವಳು ಕೇಳಿದ್ದು ಎರಡೇ: ಈ ಮನುಷ್ಯ ನನ್ನ ಮಗಳ ಶಾಲೆಯಲ್ಲಿ ಇರಬಾರದು, ಕಿವಿ ಮಂದ ಇರುವ ಮಕ್ಕಳಿಗೆ ಪಾಠ ಮಾಡಲು ಕಲಿತ ಒಬ್ಬ ಟೀಚರ್ ಬೇಕು.

ಆದರೆ ಶಾಲೆಯ ರಿಜಿಸ್ಟರಿನಲ್ಲಿ ಮೊದಲ ದಿನದ ತಾರೀಖು ಹಾಕಿ ಒಂದು ಸಾಲು ಬರೆದಿತ್ತು: 'ತಾಯಿಯ ಕೋರಿಕೆಯಂತೆ ಯಂತ್ರವನ್ನು ಶಾಲಾ ಸಮಯದಲ್ಲಿ ಜೋಪಾನವಾಗಿ ಇಡಲಾಗಿದೆ.' ತಾಯಿ ಅಂಥ ಮಾತೇ ಆಡಿಲ್ಲ ಅನ್ನುತ್ತಾಳೆ. ಆ ಸಾಲು ನಿಜವಾದರೆ ದೂರು ಕಸದ ಬುಟ್ಟಿಗೆ. ಆಮೇಲೆ ಕೂತು ಬರೆದದ್ದಾದರೆ ಹೆಡ್ ಮಾಸ್ಟರಿಗೆ ಮನೆ ದಾರಿ.

ಫೈಲು ಕೊಡುವಾಗ ಮಂಡಳಿಯ ಕಾರ್ಯದರ್ಶಿ ಕೇಳಿದ್ದರು. "ಇವರು ನಿಮಗೆ ಪರಿಚಯ ಇದ್ರೆ ಹೇಳಿಬಿಡಿ ಮೇಡಂ, ಬೇರೆ ವಕೀಲರಿಗೆ ಕೊಡ್ತೀನಿ."

"ಇಲ್ಲ ಸರ್, ನೋಡೇ ಇಲ್ಲ," ಅಂದಿದ್ದಳು ವಕೀಲಮ್ಮ, ಕಣ್ಣು ಕೂಡ ಮಿಟುಕಿಸದೆ.

ಈ ಕೆಲಸದಲ್ಲಿ ಒಂದು ಪದ್ಧತಿಯಿದೆ. ಶಾಲೆಯವರು ಯಾರೇ ಬಂದು ಎದುರು ಕೂತರೂ ಮೊದಲು ಅವರಿಗೆ ಮೂರು ಸಾಲು ಓದಿ ಹೇಳಬೇಕು. ನಾನು ಮಂಡಳಿಯ ವಕೀಲೆ, ನಿಮ್ಮ ವಕೀಲೆ ಅಲ್ಲ. ನೀವು ಹೇಳಿದ್ದನ್ನು ಮಂಡಳಿಗೆ ತಿಳಿಸುತ್ತೇನೆ. ನಿಮಗೆ ಬೇಕಿದ್ದರೆ ಬೇರೆ ವಕೀಲರನ್ನು ಇಟ್ಟುಕೊಳ್ಳಿ. ಅಷ್ಟೇ. ಓದದೆ ಬಿಟ್ಟರೆ ಎದುರಿಗಿದ್ದವನು ಇವಳನ್ನೇ ತನ್ನ ವಕೀಲೆ ಅಂದುಕೊಳ್ಳಬಹುದು, ಹಾಗೆ ನಂಬಿ ಆಡಿದ ಮಾತನ್ನು ಅವನ ಒಪ್ಪಿಗೆ ಇಲ್ಲದೆ ಯಾರೂ ಎಲ್ಲೂ ಬಳಸುವ ಹಾಗಿಲ್ಲ. ಆ ಮೂರು ಸಾಲಿನ ಕಾರ್ಡು ಯಾವಾಗಲೂ ಅವಳ ಟೇಬಲ್ ಮೇಲೆ ಪೆನ್ನಿನ ಡಬ್ಬಿಗೆ ಒರಗಿಕೊಂಡಿರುತ್ತಿತ್ತು. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಓದದೆ ಬಿಟ್ಟವಳಲ್ಲ. ಓದಿದ ಕೂಡಲೇ ಜನರ ಬಾಯಿಗೆ ಬೀಗ ಬೀಳುವುದನ್ನೂ ಹನ್ನೊಂದು ವರ್ಷ ನೋಡಿದ್ದಳು.

ಅವತ್ತು ಕಾರ್ಡನ್ನು ಎತ್ತಿ ಫೈಲಿನ ಕೆಳಗೆ ಹಾಕಿದಳು. ಕೋಣೆಯಲ್ಲಿ ಇರುವುದು ಇಬ್ಬರೇ, ಓದಿದೆನೋ ಇಲ್ಲವೋ ಅಂತ ಯಾವ ಗೋಡೆ ಬಂದು ಸಾಕ್ಷಿ ಹೇಳುತ್ತದೆ? ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡು, "ಬನ್ನಿ ಸರ್," ಅಂತ ಕರೆದಳು. ಬಾಯಲ್ಲಿ ಸರ್, ಹೊಟ್ಟೆಯಲ್ಲಿ ಕೆಂಡ.

ಆತನಿಗೆ ಇವಳ ಗುರುತು ಎಲ್ಲಿಂದ ಸಿಗಬೇಕು. ಕುರ್ಚಿಯಲ್ಲಿ ಕೂತು, ಫೋನನ್ನು ಟೇಬಲ್ ಮೇಲೆ ಮಗುಚಿಟ್ಟು, ನಿಟ್ಟುಸಿರು ಬಿಟ್ಟ. ವಕೀಲಮ್ಮ ಟೀ ತರಿಸಿದಳು. ಬಿಪಿ ಇದೆಯಾ, ಸಕ್ಕರೆ ಹಾಕ್ಬಹುದಾ ಅಂತ ವಿಚಾರಿಸಿದಳು. ಮೂವತ್ತಾರು ವರ್ಷ ಸೇವೆ ಮಾಡಿದವರಿಗೆ ಇಂಥ ಕಿರುಕುಳ ಕೊಡ್ತಾರಲ್ಲ ಅಂತ ಮರುಗಿದಳು. ಬೆಣ್ಣೆ ಹಚ್ಚುವುದರಲ್ಲಿ ತನಗೆ ಇಷ್ಟು ಕೈ ಇದೆ ಅಂತ ಅವಳಿಗೇ ಗೊತ್ತಿರಲಿಲ್ಲ.

"ಭಯ ಪಡಬೇಡಿ ಸರ್, ನಾನಿದ್ದೀನಲ್ಲ. ನನ್ನ ಹತ್ರ ಏನೂ ಮುಚ್ಚಿಡಬೇಡಿ. ಮುಚ್ಚಿಟ್ರೆ ನಿಮ್ಮನ್ನ ಹೇಗೆ ಕಾಪಾಡಲಿ?"

"ಏನಿಲ್ಲಮ್ಮ," ಅಂದ ಹೆಡ್ ಮಾಸ್ಟರು, ಟೀ ಹೀರುತ್ತ. "ಆ ಹುಡುಗಿಗೆ ಸ್ವಲ್ಪ ಶಿಸ್ತು ಬರಲಿ ಅಂತ ತೆಗೆದಿಟ್ಟೆ. ಮಕ್ಕಳಿಗೆ ಸಲಿಗೆ ಕೊಟ್ರೆ ತಲೆ ಮೇಲೆ ಕೂರ್ತಾರೆ. ಆ ತಾಯಿ ಇಷ್ಟು ರಂಪ ಮಾಡ್ತಾಳೆ ಅಂತ ಯಾರಿಗೆ ಗೊತ್ತಿತ್ತು?"

"ರಿಜಿಸ್ಟರಲ್ಲಿ ಬರೆದಿದ್ದು?"

ಆತ ಬಾಗಿಲ ಕಡೆ ನೋಡಿದ. ದನಿ ತಗ್ಗಿಸಿದ. "ಅದು ದೂರು ಬಂದ ಮೇಲೆ. ಪುಟದ ಕೆಳಗೆ ಜಾಗ ಇತ್ತು, ನಾನೇ ಬರೆದೆ. ನಿಮ್ಮ ಹತ್ರ ಹೇಳೋದಕ್ಕೇನು, ನೀವು ನನ್ನ ವಕೀಲರಲ್ವಾ."

ಇಲ್ಲಾದರೂ ಹೇಳಬಹುದಿತ್ತು. ಅಲ್ಲ ಸರ್, ನಾನು ನಿಮ್ಮ ವಕೀಲೆ ಅಲ್ಲ ಅಂತ ನಾಲ್ಕು ಮಾತು. ವಕೀಲಮ್ಮ ಮುಗುಳ್ನಕ್ಕು, "ಇನ್ನೊಂದು ಟೀ ತಗೊಳ್ಳಿ ಸರ್," ಅಂದಳು.

ಅವನು ಹೋದ ಮೇಲೆ ಖುಷಿಯಲ್ಲಿ ಎಲ್ಲವನ್ನೂ ಬರೆದು, ಸಹಿ ಹಾಕಿ, ಮಂಡಳಿಗೆ ಕಳಿಸಿದಳು. ಅದೇ ಮಧ್ಯಾಹ್ನ, ಆ ಸಾಲು ಯಾವಾಗ ಬರೆದದ್ದು ಅಂತ ತಿಳಿಯಲು ರಿಜಿಸ್ಟರನ್ನು ಶಾಯಿ ಪರೀಕ್ಷೆಗೆ ಕಳಿಸೋಣವಾ ಅಂತ ಕಾರ್ಯದರ್ಶಿ ಫೋನ್ ಮಾಡಿ ಕೇಳಿದರೆ, "ಯಾಕೆ ಸರ್, ಅವರೇ ಒಪ್ಪಿಕೊಂಡಿದ್ದಾರಲ್ಲ," ಅಂದುಬಿಟ್ಟಳು. ಅಲ್ಲಿಂದ ನೇರ ಇಸ್ತ್ರಿ ಅಂಗಡಿಗೆ ಹೋದಳು. ಫೈಲು ಬಂದ ದಿನವೇ ಅಕ್ಕನಿಗೆ ಅದರ ಸಂಗತಿಯೆಲ್ಲ ಹೇಳಿದ್ದಳು.

ಅಕ್ಕ ಎಡಗೈಯಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡಿದು ಯಾರದೋ ಪ್ಯಾಂಟಿನ ಮಡಿಕೆ ತೀಡುತ್ತಿದ್ದಳು.

"ಸಿಕ್ಕಿಬಿದ್ದ ಕಣೇ ಅಕ್ಕ. ರಿಬ್ಬನ್ ಮೇಷ್ಟ್ರು. ತಾನೇ ಬಾಯಿಬಿಟ್ಟ. ಇನ್ನು ಹದಿನೈದು ದಿನದಲ್ಲಿ ವಿಚಾರಣೆ. ಊರೆಲ್ಲ ನೋಡೋ ಹಾಗೆ ಮನೆಗೆ ಕಳಿಸ್ತೀನಿ ಅವನ್ನ."

ಅಕ್ಕ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. "ಆ ಮಗೂಗೆ ಈಗ ಕೇಳಿಸ್ತಿದೆಯಾ?"

"ಯಾವ ಮಗು?"

"ಅಯ್ಯೋ ಇವಳ. ಯಂತ್ರ ಕಿತ್ತುಕೊಂಡನಲ್ಲ, ಆ ಮಗು. ಶಾಲೆಗೆ ಹೋಗ್ತಿದೆಯಾ?"

ವಕೀಲಮ್ಮನಿಗೆ ಗೊತ್ತಿರಲಿಲ್ಲ. ವಿಚಾರಿಸೇ ಇರಲಿಲ್ಲ. "ಹೋಗುತ್ತೆ ಬಿಡು," ಅಂದಳು. "ನಿನಗೆ ಸಂತೋಷ ಆಗಲಿಲ್ವಾ?"

"ಆಯ್ತು," ಅಂದಳು ಅಕ್ಕ, ಪ್ಯಾಂಟಿನ ಇನ್ನೊಂದು ಕಾಲು ಹರಡುತ್ತ. "ಆದ್ರೆ ನನಗೋಸ್ಕರ ಅಂತ ಹೇಳ್ಬೇಡ. ನಾನು ಕೇಳಿರಲಿಲ್ಲ."

ಅಕ್ಕನಿಗೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಬರುವುದಿಲ್ಲ, ಅದನ್ನೂ ಆ ಪಾಪಿಯೇ ಕಟ್ಟಿಹಾಕಿದ್ದಾನೆ ಅಂತ ತಂಗಿ ಹಲ್ಲು ಕಡಿದಳು. ಆ ಹದಿನೈದು ದಿನ ಅವಳಿಗೆ ಹಬ್ಬವೇ. ಬಟ್ಟೆ ಒಗೆಯುವಾಗ, ಬಸ್ಸಿಗೆ ನಿಂತಾಗ, ಅವನ ಮುಖ ಹೇಗೆ ಬಿಳಚಿಕೊಳ್ಳಬಹುದು ಅಂತ ಮನಸ್ಸಿನಲ್ಲೇ ನೋಡಿ ನೋಡಿ ಸುಖಪಟ್ಟಳು.

ವಿಚಾರಣೆ ನಡೆದದ್ದು ಮಂಡಳಿಯ ಮೇಲಿನ ಮಹಡಿಯ ಉದ್ದ ಕೋಣೆಯಲ್ಲಿ. ವಿಚಾರಣಾಧಿಕಾರಿ ನಿವೃತ್ತ ನ್ಯಾಯಾಧೀಶರು, ಮಾತು ಕಮ್ಮಿ. ಎಡಕ್ಕೆ ಹೆಡ್ ಮಾಸ್ಟರು, ಪಕ್ಕದಲ್ಲಿ ಆತ ಹೊಸದಾಗಿ ಗೊತ್ತುಮಾಡಿಕೊಂಡ ವಕೀಲರು. ಮುಖ್ಯವಾದ ಪ್ರಶ್ನೆಗೆ ಮೊದಲು ಒಂದು ಸಲ ಕೆಮ್ಮುವ ಮುದುಕರು, ಊರಿನ ವಕೀಲರೆಲ್ಲ ಅವರನ್ನು ಕೆಮ್ಮಜ್ಜ ಅನ್ನುತ್ತಾರೆ. ಗೋಡೆಗೆ ಒತ್ತಿ ಹಾಕಿದ ಕುರ್ಚಿಯಲ್ಲಿ ಕಂಡಕ್ಟರಮ್ಮ, ತೊಡೆಯ ಮೇಲೆ ಮಗಳ ಶಾಲೆಯ ಚೀಲ. ಮಗಳನ್ನು ಯಾರ ಮನೆಯಲ್ಲೋ ಬಿಟ್ಟು ಬಂದಿದ್ದಳು.

ತಾಯಿಯ ಬಾಯಿಮಾತು ಬಿಟ್ಟರೆ ಮಂಡಳಿಯ ಕೈಯಲ್ಲಿದ್ದದ್ದು ವಕೀಲಮ್ಮನ ಟಿಪ್ಪಣಿ ಒಂದೇ. ಹಾಗಾಗಿ ಅವಳೇ ಪ್ರಮಾಣ ಮಾಡಿ ಸಾಕ್ಷಿ ಹೇಳಬೇಕಾಯಿತು. ಹೇಳಿದಳು, ಒಂದೊಂದು ಮಾತನ್ನೂ ರುಚಿ ನೋಡಿಕೊಂಡು. ಹೆಡ್ ಮಾಸ್ಟರು ಬೆರಳು ತಟ್ಟುವುದನ್ನು ನಿಲ್ಲಿಸಿದ. ಅಷ್ಟು ಸಾಕಾಗಿತ್ತು ಅವಳಿಗೆ, ಜನ್ಮ ಸಾರ್ಥಕ ಅನ್ನಿಸಿತು.

ಕೆಮ್ಮಜ್ಜ ಎದ್ದರು. ಕೆಮ್ಮಿದರು.

"ಮಾತು ಶುರು ಮಾಡೋಕೆ ಮುಂಚೆ, ನೀವು ಯಾರ ವಕೀಲರು ಅಂತ ಇವರಿಗೆ ಹೇಳಿದ್ರಾ ತಾಯಿ?"

"ಹೇಳಿದ್ದೆ," ಅಂದಳು ವಕೀಲಮ್ಮ. "ಯಾವಾಗಲೂ ಹೇಳ್ತೀನಿ. ಕಾರ್ಡಿದೆ, ಓದಿ ಹೇಳ್ತೀನಿ."

"ಅವತ್ತೂ ಓದಿದ್ರಿ."

"ಓದಿದ್ದೆ."

ಕೆಮ್ಮಜ್ಜ ಮತ್ತೆ ಕೆಮ್ಮಲಿಲ್ಲ. ಹೆಡ್ ಮಾಸ್ಟರಿಂದ ಫೋನ್ ಇಸಕೊಂಡು ಅಧಿಕಾರಿಯ ಮುಂದೆ ಇಟ್ಟರು. ತಂದೆತಾಯಂದಿರು ದೂರು ಕೊಡಲು ಶುರುಮಾಡಿದ ಮೇಲೆ ನಮ್ಮ ಮೇಷ್ಟ್ರು ಯಾರ ಜೊತೆ ಕೂತರೂ ಮಾತನ್ನು ರೆಕಾರ್ಡ್ ಮಾಡಿಕೊಳ್ಳುತ್ತಾರೆ ಅಂದರು. ಗುಂಡಿ ಒತ್ತಿದರು. ಕುರ್ಚಿ ಎಳೆದ ಸದ್ದು. ಬಿಪಿ ಇದೆಯಾ ಸರ್, ಸಕ್ಕರೆ ಹಾಕ್ಬಹುದಾ. ಭಯ ಪಡಬೇಡಿ ಸರ್, ನಾನಿದ್ದೀನಲ್ಲ. ನಿಮ್ಮನ್ನ ಹೇಗೆ ಕಾಪಾಡಲಿ. ಆ ಉದ್ದ ಕೋಣೆಯಲ್ಲಿ ತನ್ನದೇ ಜೇನಿನಂಥ ದನಿ ಕೇಳಿ ವಕೀಲಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮೂರು ಸಾಲಿನ ಸುಳಿವೇ ಇರಲಿಲ್ಲ. 'ಏನಿಲ್ಲಮ್ಮ,' ಅಂತ ಹೆಡ್ ಮಾಸ್ಟರ ದನಿ ಶುರುವಾಯಿತು.

ಅಧಿಕಾರಿ ಕೈ ಚಾಚಿ ಫೋನನ್ನು ನಿಲ್ಲಿಸಿದರು.

"ಮುಂದಿನದನ್ನ ನಾನು ಕೇಳೋ ಹಾಗಿಲ್ಲ," ಅಂದರು. "ಇವರು ತಮ್ಮ ವಕೀಲರು ಅಂತ ನಂಬಿ ಆಡಿದ ಮಾತು. ಟಿಪ್ಪಣೀನೂ ತೆಗೆದುಹಾಕ್ತಿದ್ದೀನಿ. ಬೇರೆ ಸಾಕ್ಷಿ ಇದೆಯಾ?"

ಕಾರ್ಯದರ್ಶಿ ವಕೀಲಮ್ಮನ ಕಡೆ ನೋಡಿದರು. ಶಾಯಿ ಪರೀಕ್ಷೆಗೆ ಹೋಗಬೇಕಿದ್ದ ರಿಜಿಸ್ಟರು ಅವರ ಮುಂದೆಯೇ ಇತ್ತು, ಪರೀಕ್ಷೆಯಾಗದೆ. ಅವರು ತಲೆ ಅಲ್ಲಾಡಿಸಿದರು. ಹಾಗಾದರೆ ರಿಜಿಸ್ಟರಿನಲ್ಲಿ ಇದ್ದದ್ದು ಇದ್ದ ಹಾಗೇ ನಿಲ್ಲುತ್ತದೆ ಅಂದರು ಅಧಿಕಾರಿ. ದೂರು ವಜಾ. ವಕೀಲಮ್ಮ ಪ್ರಮಾಣ ಮಾಡಿ ಆಡಿದ ಸುಳ್ಳಿನ ಬಗ್ಗೆ ವಕೀಲರ ಪರಿಷತ್ತಿಗೆ ಬೇರೆ ಕಾಗದ ಹೋಗುತ್ತದೆ. ಎಲ್ಲ ಸೇರಿ ಹತ್ತು ನಿಮಿಷ ಹಿಡಿಯಲಿಲ್ಲ.

ಹೆಡ್ ಮಾಸ್ಟರು ಫೋನ್ ತೆಗೆದು ಜೇಬಿಗೆ ಹಾಕಿಕೊಂಡ. ತಪ್ಪೊಪ್ಪಿಗೆ ಪೂರ್ತಿ ಅದರೊಳಗೇ ಇತ್ತು. ಹೋಗುವಾಗ ವಕೀಲಮ್ಮನ ಹತ್ತಿರ ನಿಂತು, ನಿಜವಾಗಿಯೂ ಅರ್ಥವಾಗದವನಂತೆ ಕೇಳಿದ.

"ಯಾಕಮ್ಮ ಹೀಗೆ ಮಾಡಿದ್ರಿ? ನಾನು ನಿಮಗೇನು ಅನ್ಯಾಯ ಮಾಡಿದ್ದೆ?"

ಮೂವತ್ತೊಂದು ವರ್ಷದಿಂದ ತಯಾರಿಟ್ಟುಕೊಂಡಿದ್ದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅಕ್ಕ, ಬೆಂಚು, ರಿಬ್ಬನ್. ಈಗ ಹೇಳಿದರೆ ಗೆದ್ದವನಿಗೆ ಸೋತವಳು ಒಪ್ಪಿಸುವ ಅಹವಾಲು ಆದೀತು ಅಂತ ಅವಳು ತನ್ನ ಕಾಗದಗಳನ್ನು ಜೋಡಿಸತೊಡಗಿದಳು. ಆತ ಮೆಟ್ಟಿಲಿಳಿದು ಹೋದ.

ಹೊರಗಿನ ಓಣಿಯಲ್ಲಿ ಕಂಡಕ್ಟರಮ್ಮ ಚೀಲ ಹೆಗಲಿಗೇರಿಸಿ ಇವಳಿಗಾಗಿಯೇ ನಿಂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ವಕೀಲಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಆ ಕಾರ್ಡು ಓದೋಕೆ ಎಷ್ಟು ಹೊತ್ತು ಬೇಕು ಮೇಡಂ?"

"ಅರ್ಧ ನಿಮಿಷ."

"ಸೋಮವಾರದಿಂದ ನನ್ನ ಮಗಳು ಅವರ ಶಾಲೆಗೇ ಹೋಗ್ಬೇಕು. ಯಂತ್ರ ಕಿವಿಯಲ್ಲಿ ಇರುತ್ತೋ, ಡ್ರಾಯರಲ್ಲಿ ಇರುತ್ತೋ, ಈಗ ಅದು ಅವರಿಷ್ಟ. ಕೇಳಿದ್ರೆ ನಾನೇ ಹೇಳಿದ್ದು ಅಂತ ಬರೆದಿಟ್ಟಿದ್ದಾರಲ್ಲ."

"ನಿಮಗೆ ಗೊತ್ತಿಲ್ಲಮ್ಮ," ಅಂದಳು ವಕೀಲಮ್ಮ. "ಆ ಮನುಷ್ಯ ನನ್ನ ಅಕ್ಕನಿಗೆ..."

"ಅದಕ್ಕೆ ನನ್ನ ಮಗಳೇ ಬೇಕಿತ್ತಾ?"

ಓಣಿಯಲ್ಲಿ ಯಾರೋ ಇವರಿಬ್ಬರನ್ನು ಸುತ್ತಿಕೊಂಡು ದಾಟಿ ಹೋದರು. ಕಂಡಕ್ಟರಮ್ಮ ಒಂದು ಹೆಜ್ಜೆ ಮುಂದೆ ಬಂದು ವಕೀಲಮ್ಮನ ಮುಖವನ್ನು ನೆತ್ತಿಯಿಂದ ಗಲ್ಲದವರೆಗೆ ನಿಧಾನವಾಗಿ ನೋಡಿದಳು. ವಕೀಲಮ್ಮನಿಗೆ ಆ ನೋಟ ಗೊತ್ತಿತ್ತು. ಎರಡನೇ ಕ್ಲಾಸಿನ ಕಿಟಕಿಯಲ್ಲಿ ನಿಂತು ತಾನೂ ಒಬ್ಬನನ್ನು ಹಾಗೇ ನೋಡಿದ್ದಳು.

"ಬಸ್ಸಲ್ಲಿ ದಿನಕ್ಕೆ ಸಾವಿರ ಜನ ಹತ್ತಿ ಇಳೀತಾರೆ ಮೇಡಂ," ಅಂದಳು ಕಂಡಕ್ಟರಮ್ಮ, ದನಿ ಏರಿಸದೆ. "ನಾನು ಎಲ್ಲರನ್ನೂ ಮರೀತೀನಿ. ಆ ಮೇಷ್ಟ್ರನ್ನೂ ಒಂದಿನ ಮರೀಬಹುದು. ನಿಮ್ಮನ್ನ ಮಾತ್ರ ಮರೆಯಲ್ಲ."