ಮೂವತ್ತೊಂದನೆಯವನು ಟ್ರಕ್ಕಿನಲ್ಲಿ ಕೂತಿದ್ದ

೧
ಎಲ್ಲಿಂದ ಶುರು ಮಾಡಲಿ? ಕಾನೂನಿನಿಂದ ಶುರು ಮಾಡಿದರೆ ನೀವು ಪುಟ ಮಗುಚಿಬಿಡುತ್ತೀರಿ. ಸಾವಿನಿಂದಾದರೆ ಕೊನೆತನಕ ಓದುತ್ತೀರಿ, ನಿಮ್ಮ ಬುದ್ಧಿ ನನಗೆ ಗೊತ್ತು. ಅದಕ್ಕೇ ಮೊದಲ ಕರಡಿನಲ್ಲಿ ಡಾಯ್ಲ್ ಎಸ್ಟೆಪ್‌ನನ್ನು ಸಾಯಿಸಿದೆ. ಅಮೆರಿಕದ ಕೆಂಟಕಿಯ ಬೆಟ್ಟಸೀಮೆ, ಜನವರಿಯ ಚಳಿ, ಕ್ಲಿನಿಕ್ಕಿನ ಹೊರಗೊಂದು ಹಳೇ ಟ್ರಕ್ಕು, ಅದರೊಳಗೆ ಹೆಣ. ಚೆನ್ನಾಗಿಯೇ ಬಂದಿತ್ತು.

ಅವನ ಹೆಂಡತಿ ವರ್ನಾ ಓದಿದಳು, ಹಾಳೆ ಮುದುರಿ ಒಲೆಗೆ ಹಾಕಿದಳು.

"ಏನ್ರೀ ಕಥೆಗಾರ್ರೇ, ನನ್ನ ಗಂಡನ್ನ ಸಾಯ್ಸೋಕೆ ನೀವ್ಯಾರ್ರೀ? ಬದುಕಿಸಿ ಬರೆಯೋಕೆ ಬರಲ್ವಾ?"

ಬರುತ್ತೆ ಅಂದೆ. (ಬರುತ್ತದೋ ಇಲ್ಲವೋ, ನೋಡೋಣ.)

೨
ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಆ ಕ್ಲಿನಿಕ್ಕಿನ ಡಾಕ್ಟರ್ ನೆಲ್ ಕಾಡಿಲ್ ನೋವಿನ ಗುಳಿಗೆಯನ್ನು ಎಷ್ಟು ಜನಕ್ಕೆ ಬೇಕಾದರೂ ಬರೆಯಬಹುದಿತ್ತು. ಆ ಗುಳಿಗೆಯ ಚಟ ಬಿಡಿಸುವ ಗುಳಿಗೆಯನ್ನು ಮಾತ್ರ ಒಮ್ಮೆಗೆ ಮೂವತ್ತೇ ಜನಕ್ಕೆ. (ಇದು ನನ್ನ ತಮಾಷೆಯಲ್ಲ, ಸರ್ಕಾರದ್ದು.)

ಶಾಲೆಯ ಅಡುಗೆಮನೆಯಲ್ಲಿ ಜಾರಿ ಬಿದ್ದು ವರ್ನಾಳ ಸೊಂಟ ಹೋಗಿತ್ತು, ಗಣಿಯಲ್ಲಿ ಡಾಯ್ಲ್‌ನ ಬೆನ್ನು ಹೋಗಿತ್ತು. ನೋವಿಗೆಂದು ತಿಂದ ಗುಳಿಗೆ ಇಬ್ಬರಿಗೂ ಚಟವಾಯಿತು. ಡಾಕ್ಟರ ಮೂವತ್ತರ ಪಟ್ಟಿಯಲ್ಲಿ ಉಳಿದಿದ್ದದ್ದು ಒಂದೇ ಜಾಗ.

"ನೀನು ಹೋಗೇ, ನಾನು ತಡ್ಕೋತೀನಿ" ಅಂದ ಡಾಯ್ಲ್. ವರ್ನಾ ಮೂವತ್ತನೆಯವಳಾದಳು.

ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಬೆವರಿ, ನಡುಗಿ, ಬಚ್ಚಲಲ್ಲಿ ಕುಸಿದು ಕೂತವನನ್ನು ನೋಡಲಾರದೆ ವರ್ನಾ ತನ್ನ ಗುಳಿಗೆಯನ್ನು ತರಕಾರಿ ಚಾಕುವಿನಲ್ಲಿ ಸೀಳಿ ಅರ್ಧ ಕೊಟ್ಟಳು. ಅಂದಿನಿಂದ ದಿನಾ ಅರ್ಧರ್ಧ. ಇಬ್ಬರಿಗೂ ನೆಟ್ಟಗೆ ನಿದ್ದೆಯಿಲ್ಲ. ಆದರೆ ಇಬ್ಬರೂ ಬೀದಿಯಲ್ಲಿ ಕದ್ದು ಮಾರುವ ಸರಕಿನ ಕಡೆಗೆ ಹೋಗಲಿಲ್ಲ. ಗುಳಿಗೆ ಹಂಚಿಕೊಳ್ಳುವುದು ಗೊತ್ತಾದರೆ ಅವಳ ಜಾಗವೂ ಹೋಗುತ್ತಿತ್ತು.

(ಇಲ್ಲೊಂದು ಜಗಳ ಬರೆಯಬೇಕೆಂದಿದ್ದೆ, ತಟ್ಟೆ ಒಡೆಯುವಂಥದ್ದು. ಡಾಯ್ಲ್ ನಕ್ಕ: "ಜಗಳ ಆಡಿದ್ದು ಹೌದು ಮಾರಾಯ್ರೇ. ಗುಳಿಗೆ ಸರಿಯಾಗಿ ಸೀಳ್ತಿರಲಿಲ್ಲ. ದೊಡ್ಡ ತುಂಡು ಅವಳು ನಂಗೆ ತಳ್ಳೋಳು, ನಾನು ಅವಳಿಗೆ.")

೩
"ಯಾಕೆ ನಡುಗ್ತಿದೀಯಾ ವರ್ನಾ? ಗುಳಿಗೆ ಸಾಲ್ತಿಲ್ವಾ?"

"ಸಾಲ್ತಿದೆ ಡಾಕ್ಟ್ರೇ. ಚಳಿ, ಅಷ್ಟೇ."

"ಹೀಟರ್ ಹಾಕಿದೀನಲ್ಲ."

ಎರಡನೇ ಕರಡಿನಲ್ಲಿ ಡಾಕ್ಟರು ಇಲ್ಲಿ ಅವಳ ಹೆಸರು ಹೊಡೆದುಹಾಕುತ್ತಾರೆ. ಮೂರನೆಯದರಲ್ಲಿ ವರ್ನಾ ಅವರ ಕಾಲು ಹಿಡಿದು ಅಳುತ್ತಾಳೆ. ("ನಮ್ಮಲ್ಲಿ ಯಾರೂ ಕಾಲು ಹಿಡಿಯಲ್ಲ ಕಣ್ರೀ" ಎಂದು ವರ್ನಾ ಅದನ್ನೂ ಒಲೆಗೆ ಹಾಕಿದಳು.)

ನಡೆದದ್ದೇ ಬೇರೆ. ಡಾಕ್ಟರು ಎದ್ದು ಕಿಟಕಿಯ ಪರದೆ ಸರಿಸಿದರು.

"ಹೊಸ ವರ್ಷಕ್ಕೆ ಆ ಮೂವತ್ತರ ಕಾನೂನು ಹೋಯ್ತು, ಗೊತ್ತಾ? ಬಂದೋರಿಗೆಲ್ಲ ಬರೀಬಹುದು ಈಗ."

ಡಾಕ್ಟರು ಹೊರಗಿನ ಟ್ರಕ್ಕಿನ ಕಡೆ ಕೈ ತೋರಿಸಿದರು.

"ನಿನ್ನ ಅರ್ಧ ಗುಳಿಗೆ ತಿನ್ನೋನು ಪ್ರತಿ ಸಲ ಟ್ರಕ್ಕಲ್ಲಿ ಕೂತಿರ್ತಾನಲ್ಲ, ಅವನನ್ನ ಒಳಗೆ ಕರಿ. ಪಾಪ, ಮರಗಟ್ಟಿ ಹೋಗಿರ್ತಾನೆ."

"ನಿಮಗೆ ಗೊತ್ತಿತ್ತಾ?"

"ಗೊತ್ತಿದ್ದಿದ್ರೆ ನಿನ್ನನ್ನ ತೆಗೀಬೇಕಾಗ್ತಿತ್ತು. ಅದಕ್ಕೇ ಗೊತ್ತಿರಲಿಲ್ಲ."

ವರ್ನಾ ಕೋಟು ಅಲ್ಲೇ ಬಿಟ್ಟು ಹಿಮದೊಳಗೆ ಓಡಿದಳು. ಬರೆಯುತ್ತಿದ್ದ ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

೫
(ನಾಲ್ಕನೆಯ ಭಾಗ ಉಪದೇಶವಾಗಿತ್ತು, ತೆಗೆದೆ.)

ಮುಕ್ತಾಯ ಕೇಳಲೆಂದು ಅವರ ಮನೆಗೆ ಹೋದೆ. ಮೇಜಿನ ಮೇಲೆ ಬೀನ್ಸ್, ಮೆಕ್ಕೆಜೋಳದ ಬ್ರೆಡ್. ಇಬ್ಬರೂ ಆಗಷ್ಟೇ ಒಂದೊಂದು ಇಡೀ ಗುಳಿಗೆ ನಾಲಿಗೆಯಡಿ ಇಟ್ಟುಕೊಂಡಿದ್ದರು. ಅದು ಕರಗುವ ತನಕ ನುಂಗುವಂತಿಲ್ಲ, ಮಾತಾಡುವಂತಿಲ್ಲ.

"ಇದು ಹೀಗೇ ಉಳಿಯುತ್ತಾ?" ಕೇಳಿದೆ. "ಮತ್ತೆ ಚಟಕ್ಕೆ ಜಾರಲ್ಲ ತಾನೆ? ನಾನು ಕಥೆ ಮುಗಿಸಬೇಕು."

ವರ್ನಾ ಬೆರಳೆತ್ತಿದಳು: ತಡೀರಿ.

ಡಾಯ್ಲ್ ಆ ತರಕಾರಿ ಚಾಕು ತೆಗೆದುಕೊಂಡು ಬ್ರೆಡ್ ಕತ್ತರಿಸಿದ. ಸರಿಯಾಗಿ ಎರಡಾಗಲಿಲ್ಲ. ದೊಡ್ಡ ತುಂಡನ್ನು ಅವಳ ಕಡೆಗೆ ತಳ್ಳಿದ. ಅವಳು ಅದನ್ನು ಅವನ ಕಡೆಗೆ ತಳ್ಳಿದಳು. ಅವನು ಮತ್ತೆ ತಳ್ಳಿದ. ನಾನು ಪೆನ್ನು ಹಿಡಿದು ಕಾಯುತ್ತಿದ್ದೇನೆ, ಬ್ರೆಡ್ಡು ಇನ್ನೂ ಮೇಜಿನ ಮೇಲೆ ಅತ್ತಿಂದಿತ್ತ ಹೋಗುತ್ತಲೇ ಇದೆ.